ಅಣ್ಣನ ಹೂಂ, ಸಿಡುಕತ್ತೆಯ ನಗು

ಕಸೂತಿ ಟೀಚರ ಅಣ್ಣನಿಗೆ ಗೊತ್ತಿದ್ದ ಉತ್ತರ ಒಂದೇ: ಹೂಂ. ಕೇಳಿದವರು ಯಾರು, ಕೇಳಿದ್ದು ಏನು ಎಂಬುದೆಲ್ಲ ಆಮೇಲಿನ ಮಾತು. ಕ್ಷೌರದವನು "ಇನ್ನೂ ಸ್ವಲ್ಪ ತೆಗೀಲಾ ಸಾರ್?" ಎಂದರೆ ಹೂಂ, ಮತ್ತೆ ಕೇಳಿದರೆ ಮತ್ತೆ ಹೂಂ, ಮನೆಗೆ ಬರುವಾಗ ತಲೆ ನುಣ್ಣಗೆ. ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದವನಿಗೆ ಹೂಂ ಎಂದ, ಮರುವಾರ ಬಂದ ಇನ್ನೊಬ್ಬನಿಗೂ ಹೂಂ ಎಂದ. ಅವನ ಅಡುಗೆಮನೆಯ ಗೋಡೆಯಲ್ಲಿ ಈಗಲೂ ಎರಡು ಯಂತ್ರ ಅಕ್ಕಪಕ್ಕ ನೇತಾಡುತ್ತಿವೆ, ಅವನ್ನು ನೋಡಿದಾಗಲೆಲ್ಲ ಅತ್ತಿಗೆಗೆ ಹೊಟ್ಟೆ ಉರಿಯುತ್ತದೆ. ಒಂದೇ ಭಾನುವಾರ ಇಬ್ಬರು ಗೆಳೆಯರಿಗೆ ಮನೆ ಸಾಮಾನು ಸಾಗಿಸಲು ಬರುತ್ತೇನೆಂದು ಒಪ್ಪಿ, ಯಾರ ಮನೆಗೆ ಹೋಗುವುದೆಂದು ತಿಳಿಯದೆ ಜ್ವರ ಎಂದು ಮುಸುಕು ಹಾಕಿಕೊಂಡು ಮಲಗಿದ ಪುಣ್ಯಾತ್ಮ ಅವನು.

"ಇಲ್ಲ ಅನ್ನೋಕೆ ನಿಂಗೇನು ರೋಗ?" ಎಂದು ಟೀಚರು ಎಷ್ಟೋ ಸಲ ಕೇಳಿದ್ದಾರೆ.

"ಹೂಂ," ಎನ್ನುತ್ತಾನೆ ಅಣ್ಣ.

ಇಂಥವನ ಹತ್ತಿರ ಜಗಳವಾದರೂ ಹೇಗೆ ಆಡುವುದು? ಟೀಚರು ಹಲ್ಲು ಕಡಿದುಕೊಂಡು ಸುಮ್ಮನಾಗುತ್ತಿದ್ದರು. ಆದರೆ ಆ ಹೂಂಗಳಲ್ಲೊಂದು ಮೂವತ್ತು ವರ್ಷ ಅವರ ತಲೆಯ ಮೇಲೇ ಕುಳಿತಿತ್ತು ಎಂಬುದು ಅವರಿಗೆ ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ.

ಟೀಚರ ಕ್ಲಾಸು ನಡೆಯುವುದು ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ. ಉದ್ದನೆಯ ಒಂದು ಕೋಣೆ, ಬೀದಿಯ ಕಡೆಗೆ ಎರಡು ಕಿಟಕಿ, ನಡುವೆ ದೊಡ್ಡ ಮೇಜು. ಮೇಜಿನ ಮೇಲೆ ದಾರದ ಲಡಿಗಳು ಬಣ್ಣದ ಪ್ರಕಾರ ಡಬ್ಬಿಗಳಲ್ಲಿರುತ್ತವೆ. ಕೆಂಪು ದಾರವನ್ನು ಯಾರಾದರೂ ಗುಲಾಬಿಯ ಡಬ್ಬಿಗೆ ಹಾಕಿದರೋ, ಆವತ್ತು ಅವರಿಗೆ ಮಂಗಳಾರತಿ. ಕಲಿಯಲು ಬರುವವರು ಆರೇಳು ಹೆಂಗಸರು. ಅವರು ಮೊದಲು ಚೌಕಳಿ ಹಾಳೆಯಲ್ಲಿ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಚಿತ್ರ ಮಾಡಬೇಕು, ಆಮೇಲೆ ಒಂದು ಚೌಕಕ್ಕೆ ಒಂದು ಹೊಲಿಗೆಯಂತೆ ಅದನ್ನು ಬಟ್ಟೆಗೆ ಇಳಿಸಬೇಕು. ಹೊಸದಾಗಿ ಸೇರಿದವರು ಯಾರೇ ಇರಲಿ, ಮೊದಲ ದಿನವೇ ಟೀಚರು ಅವರ ಕಿವಿಗೆ ಹಾಕುವ ಮಾತು ಒಂದಿತ್ತು.

"ಸಿಡುಕತ್ತೆ ಗೇಮ್ ಗೊತ್ತಲ್ಲ? ಅದರ ಕೊನೇ ಚಿತ್ರ ನಾನು ಬರೆದದ್ದು."

ಸಿಡುಕತ್ತೆ ಎಂದರೆ ಮೂವತ್ತು ವರ್ಷದ ಹಿಂದೆ ಸಂಜೆ ಐದೂವರೆಗೆ ಟೀವಿಯಲ್ಲಿ ಬರುತ್ತಿದ್ದ ಅನಿಮೆ ಕಾರ್ಟೂನು. ಡುಮ್ಮಗಿನ ಒಬ್ಬ ಅತ್ತೆ, ನೆತ್ತಿಯ ಮೇಲೆ ಗಂಟು, ಮೂಗಿನ ತುದಿಯಲ್ಲೇ ಕೋಪ. ಪಕ್ಕದಮನೆಯವಳು ಅವಳ ಛತ್ರಿಯನ್ನು ಎರವಲು ಪಡೆದವಳು ಹಿಂದಿರುಗಿಸದೆ ಮನೆ ಖಾಲಿ ಮಾಡಿಕೊಂಡು ಮೋಡಗಳಾಚೆಗೆ ಎಲ್ಲೋ ಹೋಗಿಬಿಟ್ಟಿದ್ದಾಳೆ. ಅದನ್ನು ಕಿತ್ತು ತರಲು ಅತ್ತೆ ಇಸ್ತ್ರಿ ಹಲಗೆಯ ಮೇಲೆ ನಿಂತು ಆಕಾಶಕ್ಕೆ ಹಾರುತ್ತಾಳೆ. ಕಥೆ ಇಷ್ಟೇ. ಪ್ರತಿ ಕಂತಿನಲ್ಲೂ ಛತ್ರಿ ಇನ್ನೇನು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಒಂದು ಎಡವಟ್ಟು. ನೋಡುವವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅತ್ತೆ ಮಾತ್ರ ಒಂದು ದಿನವೂ ನಗಲಿಲ್ಲ. ಛತ್ರಿ ಸಿಗುವ ಮೊದಲೇ ಸರಣಿಯೂ ನಿಂತುಹೋಯಿತು.

ಅಣ್ಣ ಆಗ ವಿಡಿಯೋ ಗೇಮ್ ಕ್ಯಾಸೆಟ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದ. ಸಿಡುಕತ್ತೆಯ ಗೇಮ್ ಅವನ ಪಾಲಿಗೆ ಬಂತು. ಎಡದಿಂದ ಬಲಕ್ಕೆ ಹಾರುತ್ತ, ಎದುರಾದದ್ದಕ್ಕೆಲ್ಲ ಗುಂಡು ಹಾರಿಸುತ್ತ ಹೋಗುವ ಜಾತಿಯ ಆಟ ಅದು. ಗುಂಡಿನ ಬದಲು ಅತ್ತೆ ಎಸೆಯುವುದು ಸೌಟು, ಲಟ್ಟಣಿಗೆ, ಪಿತ್ತ ನೆತ್ತಿಗೇರಿದಾಗ ಎರಡೂ ಚಪ್ಪಲಿ. ಎದುರು ಬರುವವರು ಪಾರಿವಾಳಗಳು, ರೆಕ್ಕೆ ಬಂದ ಅಲಾರಾಂ ಗಡಿಯಾರಗಳು, ಬಾಗಿಲು ಬಾಗಿಲು ತಟ್ಟುವ ಸೇಲ್ಸ್‌ಮನ್‌ಗಳು. ಎಲ್ಲಕ್ಕಿಂತ ಕೊನೆಗೆ ಪಕ್ಕದಮನೆಯವಳು, ತಲೆಗೆ ಒಂಬತ್ತು ಕ್ಲಿಪ್ಪು ಸಿಕ್ಕಿಸಿಕೊಂಡು, ಕಸ ಹೀರುವ ಯಂತ್ರದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಬರುತ್ತಾಳೆ. ಒಂದೊಂದೇ ಕ್ಲಿಪ್ಪು ಬೀಳಿಸಬೇಕು. ಒಂಬತ್ತೂ ಬಿದ್ದರೆ ಅವಳ ಕಥೆ ಮುಗಿದಂತೆ.

ಗೆದ್ದ ಮೇಲೆ ಕಾಣಬೇಕಾದ ಚಿತ್ರ ಮಾಡುವಷ್ಟರಲ್ಲಿ ಕಂಪನಿಯ ಚಿತ್ರಗಾರ ಕೈಕೊಟ್ಟು ಬೇರೆ ಕಡೆ ಹೋಗಿದ್ದ. ಗೇಮಿನ ಚಿತ್ರವೂ ಚೌಕ ಚೌಕ, ತಂಗಿಯ ಕಸೂತಿಯೂ ಚೌಕ ಚೌಕ. "ನೀನೇ ಬರ್ಕೊಡ್ತೀಯಾ?" ಎಂದು ಅಣ್ಣ ಕೇಳಿದ. ಟೀಚರು ಒಪ್ಪಿಕೊಂಡಿದ್ದ ಹೊಲಿಗೆಯನ್ನೆಲ್ಲ ಬದಿಗಿಟ್ಟು ನಲವತ್ತು ದಿನ ಕೂತರು. ಮಣಿಕಟ್ಟು ಊದಿಕೊಂಡಿತು. ಚಿತ್ರದಲ್ಲಿ ಅತ್ತೆಗೆ ಛತ್ರಿ ಸಿಕ್ಕಿದೆ, ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿಟ್ಟು ಕೂತಿದ್ದಾಳೆ, ಛತ್ರಿ ಮಡಿಲಲ್ಲಿದೆ, ಮತ್ತು ಅವಳು ನಗುತ್ತಿದ್ದಾಳೆ. ಆ ನಗುವೊಂದೇ ಒಂದು ವಾರ ತಿಂದಿತು. ಒಂದು ಚೌಕ ಹೆಚ್ಚಾದರೆ ಹಲ್ಲು ಕಿರಿದ ಹಾಗೆ, ಒಂದು ಕಡಿಮೆಯಾದರೆ ಹಲ್ಲುನೋವು ಬಂದ ಹಾಗೆ. ಕೊನೆಗೆ ಅದು ಹನ್ನೊಂದು ಕೆಂಪು ಚೌಕಕ್ಕೆ ನಿಂತಿತು. ಟೀಚರು ಚಿತ್ರ ಬರೆದ ಚೌಕಳಿ ಪುಸ್ತಕವನ್ನು ಅಣ್ಣನ ಕೈಗಿಟ್ಟರು.

ಕ್ಯಾಸೆಟ್ ಅಂಗಡಿಗೆ ಬಂದ ದಿನ ಕೇಳಿದರು, "ಹಾಕಿದ್ಯಾ ಅಣ್ಣ?"

"ಹೂಂ."

ಟೀಚರಿಗೆ ಗೇಮ್ ಆಡಲು ಬಾರದು. ಮೊದಲ ಹಂತದ ಪಾರಿವಾಳಗಳೇ ಅವರನ್ನು ಮುಗಿಸಿಬಿಡುತ್ತಿದ್ದವು. ಆಡಲು ಬರುವವರಿಗೂ ಆ ಪಕ್ಕದಮನೆಯವಳು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಯಾರೋ ಗೆದ್ದಿದ್ದಾನಂತೆ, ಅವನ ಚಿಕ್ಕಪ್ಪನ ಮಗ ಕಣ್ಣಾರೆ ನೋಡಿದ್ದಾನಂತೆ ಎಂಬ ಅಂತೆಕಂತೆ ಮಾತ್ರ ಓಡಾಡುತ್ತಿತ್ತು. ಟೀಚರಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಕಷ್ಟಪಟ್ಟವರಿಗೆ ಮಾತ್ರ ಕಾಣುವ ಚಿತ್ರ ತನ್ನದು ಎಂದು ಒಳಗೊಳಗೇ ಬೀಗುತ್ತಿದ್ದರು.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಕ್ಲಾಸಿಗೆ ಒಬ್ಬ ಹುಡುಗಿ ಬಂದಳು. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಅರ್ಧ ತಿಂದ ಸೇಬು. ಹಳೆಯ ಗೇಮುಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಮತ್ತೆ ಹೊರತರುವ ಕಂಪನಿಯ ಪ್ರೋಗ್ರಾಮರ್ ಅವಳು. ಸಿಡುಕತ್ತೆ ಮತ್ತೆ ಬರುತ್ತಿದ್ದಾಳೆ ಎಂದಳು. ಹಿಂದೆ ಯಾರ ಹೆಸರನ್ನೂ ಹಾಕಿರಲಿಲ್ಲ, ಈ ಸಲ ದುಡಿದವರ ಹೆಸರನ್ನೆಲ್ಲ ಆಟದ ಕೊನೆಯಲ್ಲಿ ತೋರಿಸುತ್ತಾರಂತೆ.

"ಕೊನೇ ಚಿತ್ರ ನಂದು," ಎಂದರು ಟೀಚರು, ಅವಳು ಕೂರುವ ಮೊದಲೇ.

"ಕೇಳಿದೀನಿ ಟೀಚರ್. ಆದ್ರೆ ಅದನ್ನ ನೋಡಿದೋರು ಒಬ್ರೂ ಸಿಕ್ತಿಲ್ಲ. ಒಂದ್ಸಲ ಆಟದಲ್ಲಿ ಕಂಡ್ರೆ ಸಾಕು, ನಿಮ್ಮ ಹೆಸರು ಹಾಕ್ತೀವಿ. ಕಾಣದೆ ಹಾಕೋಕ್ಕಾಗಲ್ಲ, ಬೇಜಾರು ಮಾಡ್ಕೋಬೇಡಿ."

"ಬೇಜಾರು ಯಾಕೆ, ಇದ್ದದ್ದು ಕಂಡೇ ಕಾಣುತ್ತೆ. ಶನಿವಾರ ಇಲ್ಲೇ ಆಡಿಸಿ ನೋಡೋಣ."

"ನಿನ್ನೆ ನಿಮ್ಮ ಅಣ್ಣನ ಮನೆಗೂ ಹೋಗಿದ್ದೆ. ಅವರು ಒಪ್ಪಿದ ರೂಪದಲ್ಲೇ ಆಟ ಬರ್ಬೇಕು ಅಂತ ಒಪ್ಪಂದ ಇದೆ. ಹಳೇ ಪೇಪರ್ ಏನಾದ್ರೂ ಇದ್ಯಾ ಸಾರ್ ಅಂದೆ, ಹೂಂ ಅಂದ್ರು. ತಗೊಂಡು ಹೋಗ್ಲಾ ಅಂದೆ, ಹೂಂ ಅಂದ್ರು. ಒಂದು ಡಬ್ಬ ತುಂಬ ಕೊಟ್ಟಿದಾರೆ. ಎಷ್ಟು ಒಳ್ಳೆಯೋರು."

ಒಳ್ಳೆಯವನಂತೆ. ಕಟ್ಟಿಕೊಂಡವಳನ್ನು ಕೇಳಬೇಕು ಎಂದುಕೊಂಡರು ಟೀಚರು. ಆದರೂ ಅವರ ಮನಸ್ಸು ಆಗಲೇ ಶನಿವಾರಕ್ಕೆ ಓಡಿತ್ತು. ಮೂವತ್ತೈದು ವರ್ಷದಲ್ಲಿ ಅವರು ಹೊಲಿದ ಮೇಜುಬಟ್ಟೆ, ದಿಂಬಿನ ಚೀಲ, ಗೋಡೆಯ ತೂಗುಬಟ್ಟೆಗಳಿಗೆ ಲೆಕ್ಕವೇ ಇರಲಿಲ್ಲ. ಎಲ್ಲ ಯಾರ್ಯಾರದೋ ಮನೆಯಲ್ಲಿ ಒಗೆದು ಒಗೆದು ಸವೆದುಹೋಗಿದ್ದವು, ಯಾವುದರ ಮೂಲೆಯಲ್ಲೂ ಅವರ ಹೆಸರಿರಲಿಲ್ಲ. ಸವೆಯದೆ ಉಳಿದದ್ದು ಇದೊಂದೇ. ಇದಕ್ಕಾದರೂ ಹೆಸರು ಬೀಳಲಿ ಎಂದು ಅವರಿಗೆ ಎಷ್ಟು ಆಸೆಯಾಯಿತೆಂದರೆ, ಆವತ್ತು ಗುಲಾಬಿ ಡಬ್ಬಿಯಲ್ಲಿ ಕೆಂಪು ದಾರ ಕಂಡರೂ ಬೈಯಲಿಲ್ಲ.

ಅಣ್ಣನಿಗೆ ಫೋನ್ ಮಾಡಿದರು. "ಶನಿವಾರ ಹತ್ತು ಗಂಟೆಗೆ ಕ್ಲಾಸಿಗೆ ಬಾ. ನನ್ನ ಚಿತ್ರ ಎಲ್ಲರೂ ನೋಡೋದಿದೆ. ನನ್ನ ಹೆಸರು ಹಾಕ್ತಾರಂತೆ."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಲೈನು ಕಟ್ಟಾಯಿತೇನೋ ಎಂದುಕೊಂಡರು.

"ಕೇಳಿಸ್ತಾ?"

"ಹೂಂ," ಎಂದ ಅಣ್ಣ. ಹೂಂ ಯಾಕೋ ಸಣ್ಣಗಿತ್ತು. ನೆಗಡಿ ಇರಬೇಕು ಎಂದುಕೊಂಡು ಟೀಚರು ಫೋನ್ ಇಟ್ಟರು.

ಶನಿವಾರ ಹೆಂಗಸರೆಲ್ಲ ಹತ್ತಕ್ಕೆ ಮೊದಲೇ ಬಂದು ಕುರ್ಚಿ ಹಿಡಿದರು. ಆಡುವ ಕೆಲಸ ಕೆಳಗಿನ ಕನ್ನಡಕದಂಗಡಿಯವರದ್ದು. ಐವತ್ತರ ಹತ್ತಿರದ ಗಂಭೀರ ಮನುಷ್ಯ, ಗಿರಾಕಿಯ ಕಣ್ಣಿಗೆ ಗಾಜು ಇಟ್ಟು "ಈಗ ಹೇಗೆ? ಈಗ?" ಎಂದು ಕೇಳುವಾಗಲೂ ಮುಖದಲ್ಲಿ ನಗು ಕಾಣಿಸದವರು. ಆದರೆ ಸಿಡುಕತ್ತೆಯ ವಿಷಯದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ, ಪಕ್ಕದಮನೆಯವಳ ತನಕ ಇನ್ನೂರು ಸಲಕ್ಕೂ ಹೆಚ್ಚು ಹೋಗಿಬಂದವರು. ಸ್ವಂತ ಕ್ಯಾಸೆಟ್ಟನ್ನು ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮೂಲೆಯ ಹಳೆಯ ಟೀವಿಗೆ ಯಂತ್ರ ಜೋಡಿಸಿ, ಕ್ಯಾಸೆಟ್ಟಿಗೆ ಉಫ್ ಎಂದು ಗಾಳಿ ಊದಿ ಹಾಕಿದರು. ಪ್ರೋಗ್ರಾಮರ್ ಹುಡುಗಿ ಅಣ್ಣ ಕೊಟ್ಟ ಡಬ್ಬವನ್ನು ಪಕ್ಕದಲ್ಲಿಟ್ಟುಕೊಂಡು, ಅಂಚಿಗೆ ತೂತುಗಳಿದ್ದ ಹಳೆಯ ಹಾಳೆಗಳನ್ನು ತಿರುವುತ್ತ ಕೂತಳು. ಅಣ್ಣ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತ.

"ಎಲ್ಲಿ ನನ್ನ ಛತ್ರಿ?" ಎಂದು ಗೊರಗೊರ ದನಿಯಲ್ಲಿ ಟೀವಿ ಕೂಗಿತು. ಆಟ ಶುರುವಾಗುವುದೇ ಹಾಗೆ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಕನ್ನಡಕದಂಗಡಿಯವರು ಪಾರಿವಾಳಗಳನ್ನು ನೊಣ ಓಡಿಸಿದ ಹಾಗೆ ಓಡಿಸಿದರು. ಗಡಿಯಾರಗಳಿಗೆ ಸೌಟು, ಸೇಲ್ಸ್‌ಮನ್‌ಗಳಿಗೆ ಲಟ್ಟಣಿಗೆ. ಅರ್ಧ ಗಂಟೆಯಲ್ಲಿ ಪಕ್ಕದಮನೆಯವಳು ಕಸ ಹೀರುವ ಯಂತ್ರ ಗುರುಗುಟ್ಟಿಸುತ್ತ ಬಂದಳು. ಒಂದು ಕ್ಲಿಪ್ಪು ಬಿತ್ತು, ಎರಡು ಬಿತ್ತು. ಅಣ್ಣ ಕತ್ತು ಒರೆಸಿಕೊಂಡ. ಐದು ಬಿತ್ತು, ಆರು ಬಿತ್ತು. ಅಣ್ಣ ಎದ್ದು ನಿಂತ.

"ಕಾಫಿ ತರ್ತೀನಿ," ಎಂದ.

ಯಾರೂ ಕೇಳದೆ ಅವನು ತಾನಾಗಿ ಒಂದು ಮಾತು ಆಡಿದ್ದನ್ನು ಟೀಚರು ವರ್ಷಗಟ್ಟಲೆಯಿಂದ ಕೇಳಿರಲಿಲ್ಲ. ಮುಗಿಯುವ ಹೊತ್ತಿಗೇ ಇವನಿಗೆ ಕಾಫಿ ನೆನಪಾಗಬೇಕೇ ಎಂದು ಮೈ ಉರಿಯಿತು. ಏನಾದರೂ ಅನ್ನುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಎಂಟು ಬಿತ್ತು. ಪಕ್ಕದಮನೆಯವಳ ತಲೆಯಲ್ಲಿ ಇನ್ನು ಒಂದೇ ಕ್ಲಿಪ್ಪು. ಟೀಚರು ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಅತ್ತೆಯ ಎರಡೂ ಚಪ್ಪಲಿ ಹಾರಿ ಹೋಗಿ ಅವಳ ತಲೆಗೆ ಬಡಿದವು. ಪಕ್ಕದಮನೆಯವಳು ಒಮ್ಮೆ ಮಿನುಗಿದಳು, ಅಷ್ಟೇ, ಒಂಬತ್ತು ಕ್ಲಿಪ್ಪೂ ಮತ್ತೆ ತಲೆಯ ಮೇಲಿದ್ದವು.

"ಇದೇ ನೋಡಿ," ಎಂದರು ಕನ್ನಡಕದಂಗಡಿಯವರು, ಕಣ್ಣು ತೆಗೆಯದೆ. "ಇಪ್ಪತ್ತೆಂಟು ವರ್ಷದಿಂದ ಇದೇ ಹಣೆಬರಹ. ಎಲ್ಲೋ ಒಂದು ಉಪಾಯ ಇರ್ಬೇಕು. ಬೇಗ ಹೊಡೀಬೇಕೋ, ನಿಧಾನಕ್ಕೋ, ಗೊತ್ತಾಗ್ತಿಲ್ಲ."

ಬೇಗ ಹೊಡೆದರು. ನಿಧಾನಕ್ಕೆ ಹೊಡೆದರು. ಬರೀ ಸೌಟಿನಲ್ಲಿ ಹೊಡೆದರು. ಪ್ರತಿಸಲವೂ ಒಂದು ಕ್ಲಿಪ್ಪು ಉಳಿಯುವುದು, ಮತ್ತೆ ಒಂಬತ್ತಾಗುವುದು. ಮುಕ್ಕಾಲು ಗಂಟೆ ಕಳೆಯಿತು. ಕಾಫಿ ತರಲು ಹೋದವನ ಪತ್ತೆಯೇ ಇಲ್ಲ. ನೋಡುತ್ತಿದ್ದವರಿಗೆ ಆಕಳಿಕೆ ಶುರುವಾಯಿತು, ಒಬ್ಬರು ಮೆಲ್ಲಗೆ ಮೊಬೈಲು ತೆಗೆದರು.

ಹುಡುಗಿ ಹಾಳೆ ತಿರುವುವುದನ್ನು ನಿಲ್ಲಿಸಿದ್ದಳು. ಒಂದೇ ಕಡೆ ಬೆರಳಿಟ್ಟುಕೊಂಡಿದ್ದಳು.

"ಟೀಚರ್," ಎಂದಳು. "ಇಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತಂಗಿ ಅಂತ ಬರೆದಿದೆ. ತಂಗಿ ಅಂದ್ರೆ ಯಾರು?"

"ತಂಗಿ ಅಂದ್ರೆ ತಂಗಿ. ನಾನೇ. ಯಾಕೆ?"

"ಪ್ರೋಗ್ರಾಮಿನ ತುಂಡುಗಳಿಗೆ ನಾವು ಒಂದೊಂದು ಹೆಸರು ಇಟ್ಕೋತೀವಿ, ನಮ್ಮ ಗುರುತಿಗೆ. ಈ ತುಂಡಿಗೆ ಸಾರ್ ತಂಗಿ ಅಂತ ಇಟ್ಟಿದಾರೆ." ಅವಳು ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದಳು. "ಒಂದೇ ಕ್ಲಿಪ್ಪು ಉಳಿದಾಗ ಏಟು ಬಿದ್ರೆ ತಂಗಿಗೆ ಹೋಗು ಅಂತಿದೆ. ತಂಗಿಲಿ ಏನಿದೆ ಅಂದ್ರೆ, ಕ್ಲಿಪ್ಪು ಮತ್ತೆ ಒಂಬತ್ತು ಮಾಡು ಅಂತ. ಅಷ್ಟೇ ಇರೋದು."

"ಅಂದ್ರೆ?"

"ಅಂದ್ರೆ ಅವಳು ಸಾಯಲ್ಲ ಟೀಚರ್. ಯಾರು ಆಡಿದ್ರೂ ಸಾಯಲ್ಲ. ಸಾಯದ ಹಾಗೇ ಮಾಡಿದಾರೆ."

ಕನ್ನಡಕದಂಗಡಿಯವರು ಕೈಯಲ್ಲಿದ್ದ ಆಟದ ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟರು. ಇಪ್ಪತ್ತೆಂಟು ವರ್ಷ ಅವರ ಮುಖದ ಮೇಲೆ ಒಮ್ಮೆಲೇ ಬಂದು ಕೂತಂತಿತ್ತು.

"ಹಾಗಾದ್ರೆ ನನ್ನ ಚಿತ್ರ?" ಎಂದರು ಟೀಚರು.

"ಚಿತ್ರಕ್ಕೆ ಅಂತ ಗುರುತು ಹಾಕಿರೋ ಜಾಗದಲ್ಲಿ ಚಿತ್ರ ಇಲ್ಲ. ಧ್ವನಿ ಇದೆ. ಎಲ್ಲಿ ನನ್ನ ಛತ್ರಿ ಅಂತಾಳಲ್ಲ, ಅದು."

ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಕಸೂತಿ ಬಟ್ಟೆ ಕೈಗೆತ್ತಿಕೊಂಡು, ಸೂಜಿಗೆ ದಾರವನ್ನೂ ಪೋಣಿಸದೆ ತಲೆ ತಗ್ಗಿಸಿ ಹೊಲಿಯತೊಡಗಿದರು. ಅವರು ನಕ್ಕಿದ್ದರೂ ಟೀಚರು ತಡೆದುಕೊಳ್ಳುತ್ತಿದ್ದರು. ಈ ಕನಿಕರವನ್ನು ತಡೆಯಲಾಗಲಿಲ್ಲ. ಮೂವತ್ತು ವರ್ಷ ಬಂದವರಿಗೆ ಹೋದವರಿಗೆಲ್ಲ ಹೇಳಿಕೊಂಡು ಬಂದ ಮಾತು ಸುಳ್ಳಾಗಿತ್ತು, ಸುಳ್ಳು ಹೇಳಿದವರು ತಾವೇ ಆಗಿದ್ದರು. ಟೀಚರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅಣ್ಣನ ಮನೆ ಎರಡು ಬೀದಿ ಆಚೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತ ಹೋದರು. ಬಾಗಿಲು ತೆರೆದ ಅತ್ತಿಗೆ ಇವರ ಮುಖ ನೋಡಿದವಳೇ ದಾರಿ ಬಿಟ್ಟಳು.

"ಏನು ಮಾಡಿದಾರೆ ಇವರು? ಕಾಫಿ ಮಾಡು ಅಂದ್ರು, ಫ್ಲಾಸ್ಕಿಗೆ ಹಾಕಿ ಕೊಟ್ಟೆ. ಅದನ್ನ ಇಟ್ಕೊಂಡು ಆಗಿಂದ ಕೂತಿದಾರೆ. ಯಾರಿಗೆ ಹೂಂ ಅಂದ್ರು ಈ ಸಲ?"

"ನಂಗೆ," ಎಂದರು ಟೀಚರು.

ಅಣ್ಣ ಒಳಕೋಣೆಯ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಫ್ಲಾಸ್ಕು, ತೊಡೆಯ ಮೇಲೆ ಅವರ ಚೌಕಳಿ ಪುಸ್ತಕ. ನೀಲಿ ರಟ್ಟು, ಮೂಲೆಯಲ್ಲಿ ಇವರದೇ ಕೈಬರಹ. ಕಂಪನಿಯವರೇ ಇಟ್ಟುಕೊಂಡರಾ ಎಂದು ಕೇಳಿದಾಗ ಹೂಂ ಎಂದಿದ್ದ ಪುಸ್ತಕ ಅದು. ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಕಲಸಿಹೋಯಿತು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಹಾಕಿಲ್ಲ ಕಣೇ ಅಂದಿದ್ರೆ ಎರಡು ದಿನ ಅಳ್ತಿದ್ದೆ, ಮೂರನೇ ದಿನ ಮರೀತಿದ್ದೆ. ಮೂವತ್ತು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದ್ಯಲ್ಲ. ಇವತ್ತು ಅಷ್ಟು ಜನರ ಮುಂದೆ ಬೆಪ್ಪುತಕ್ಕಡಿ ಹಾಗೆ ನಿಂತಿದ್ದೆ, ನೀನು ಕಾಫಿ ನೆಪ ಹೇಳಿ ಕಾಲು ಕಿತ್ತೆ. ಮಾತಾಡು. ಇವತ್ತು ಹೂಂ ಅಂದ್ಯೋ, ಈ ಫ್ಲಾಸ್ಕ್ ನಿನ್ನ ತಲೆ ಮೇಲಿರುತ್ತೆ."

ಅಣ್ಣ ಬಾಯಿ ತೆರೆದ, ಮುಚ್ಚಿದ. ಮೂರನೇ ಸಲಕ್ಕೆ ಮಾತು ಬಂತು.

"ನಿನ್ನ ಚಿತ್ರಕ್ಕೆ ಅಂತಾನೇ ಎರಡು ಸಾವಿರ ಬೈಟು ಜಾಗ ಎತ್ತಿಟ್ಟಿದ್ದೆ. ಕ್ಯಾಸೆಟ್‌ನಲ್ಲಿ ಜಾಗ ಬಹಳ ಕಡಿಮೆ ಆಗ. ಕೊನೇ ವಾರ ಧಣಿ ಬಂದು, ಅತ್ತೆ ಮಾತಾಡ್ಬೇಕು, ಹಿಡಿಸುತ್ತಾ ಅಂತ ಕೇಳಿದ್ರು."

"ನೀನು ಹೂಂ ಅಂದೆ."

ಅಣ್ಣ ತಲೆಯಾಡಿಸಿದ. "ಎರಡು ಸೆಕೆಂಡಿನ ಮಾತು, ಇದ್ದ ಜಾಗ ಎಲ್ಲ ತಿಂದ್ಹಾಕ್ತು. ಸಂಜೆ ಮನೆಗೆ ಬಂದೆ. ನೀನು ಕೈಗೆ ಬಿಸಿನೀರಿನ ಬಟ್ಟೆ ಕಟ್ಕೊಂಡು ಕೂತಿದ್ದೆ. ಹೇಳೋಣ ಅಂದ್ಕೊಂಡೆ. ಆಗ್ಲಿಲ್ಲ."

"ಅದಕ್ಕೆ ಆ ಹೆಂಗಸನ್ನ ಸಾಯದ ಹಾಗೆ ಮಾಡ್ದೆ."

"ಅವಳು ಸತ್ರೆ ನಿಂಗೆ ಗೊತ್ತಾಗ್ತಿತ್ತಲ್ಲ."

ಅತ್ತಿಗೆ ಬಾಗಿಲಲ್ಲಿ ಹಣೆ ಚಚ್ಚಿಕೊಂಡಳು. ಟೀಚರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎಷ್ಟು ಮನೆಗಳಲ್ಲಿ ಎಷ್ಟು ಜನ ಊಟ ಬಿಟ್ಟು, ಹೆಬ್ಬೆರಳಿಗೆ ಬೊಕ್ಕೆ ಬರಿಸಿಕೊಂಡು, ಆ ಪಕ್ಕದಮನೆಯವಳಿಗೆ ಶಾಪ ಹಾಕಿದ್ದಾರೆ. ಅದಕ್ಕೆಲ್ಲ ಕಾರಣ ಒಬ್ಬ ಅಣ್ಣನಿಗೆ ತಂಗಿಯ ಎದುರು ಇಲ್ಲ ಎನ್ನಲು ಬಾಯಿ ಬರದೆ ಹೋದದ್ದು. ಇದನ್ನು ಹೊರಗೆ ಹೇಳಿದರೆ ಯಾರಾದರೂ ನಂಬುತ್ತಾರೆಯೇ?

ಪುಸ್ತಕ ಕಸಿದುಕೊಂಡು ತೆರೆದರು. ಪ್ರತಿ ಸಾಲಿನ ಪಕ್ಕದಲ್ಲೂ ಅಣ್ಣನ ಸಣ್ಣ ಪೆನ್ಸಿಲ್ ಅಂಕಿಗಳಿದ್ದವು. ಇಡೀ ಚಿತ್ರವನ್ನು ಅವನು ಕ್ಯಾಸೆಟ್ಟಿಗೆ ಬೇಕಾದ ಅಂಕಿಗಳಿಗೆ ಇಳಿಸಿದ್ದ. ಕೊನೆಯ ಪುಟದ ಅಂಚಿನಲ್ಲಿ ಲೆಕ್ಕಗಳು. ಪೂರ್ತಿ ಚಿತ್ರ, ಎರಡು ಸಾವಿರ, ಹೊಡೆದುಹಾಕಿದ್ದ. ಮೆಟ್ಟಿಲು ಬಿಟ್ಟು, ಸಾವಿರದ ಇನ್ನೂರು, ಹೊಡೆದುಹಾಕಿದ್ದ. ಅತ್ತೆ ಮಾತ್ರ, ಐನೂರು. ಮುಖ ಮಾತ್ರ, ಅರವತ್ತನಾಲ್ಕು. ಬಾಯಿ ಮಾತ್ರ, ಹದಿನಾರು. ಎಲ್ಲದರ ಮೇಲೂ ಗೆರೆ. ಎಲ್ಲಕ್ಕಿಂತ ಕೆಳಗೆ: ಉಳಿದ ಜಾಗ ಒಂಬತ್ತು.

"ಬಾಯಿಗೂ ಜಾಗ ಇರ್ಲಿಲ್ವಾ?" ಎಂದರು ಟೀಚರು. ದನಿ ಇಳಿದಿತ್ತು. ಹಾಗೆ ಇಳಿದದ್ದಕ್ಕೇ ಅವರಿಗೆ ತಮ್ಮ ಮೇಲೆ ಸಿಟ್ಟು ಬಂತು.

"ಏಳು ಬೈಟು ಕಡಿಮೆ ಬಿತ್ತು."

"ಅವಳನ್ನ ಸಾಯದ ಹಾಗೆ ಮಾಡೋಕೆ ಎಷ್ಟು ಹಿಡೀತು?"

"ಆರು," ಎಂದ ಅಣ್ಣ, ನೆಲ ನೋಡುತ್ತ.

"ಎದ್ದೇಳು," ಎಂದರು ಟೀಚರು. "ಎದ್ದು ಬಾ. ಆ ಕನ್ನಡಕದಂಗಡಿಯವರ ಮುಖ ನೋಡಿ ಹೇಳು ಇದನ್ನ. ಫ್ಲಾಸ್ಕ್ ತಗೋ."

ಕ್ಲಾಸಿನಲ್ಲಿ ಯಾರೂ ಎದ್ದಿರಲಿಲ್ಲ. ಟೀಚರು ಪುಸ್ತಕದ ಕೊನೆಯ ಪುಟವನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. ಹೆಂಗಸರು ಮುತ್ತಿಕೊಂಡರು. ಬಣ್ಣ ಸ್ವಲ್ಪ ಮಂಕಾಗಿತ್ತು, ಆದರೂ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು, ನಗುತ್ತಿದ್ದಳು. ಕನ್ನಡಕದಂಗಡಿಯವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಇದನ್ನ ನೋಡೋಕೇ ಆಡ್ತಿದ್ದೆ ನಾನು," ಎಂದು ಅಣ್ಣನಿಗೆ ಹೇಳಿದರು. ಅಣ್ಣ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಮತ್ತೆ ತಿರುಗಿಸಿದ.

ಹುಡುಗಿಯ ಮುಖ ಅರಳಿತ್ತು. "ಈಗ ಜಾಗದ ತೊಂದ್ರೆ ಎಲ್ಲಿದೆ ಟೀಚರ್? ಇಂಥ ಸಾವಿರ ಚಿತ್ರ ಹಾಕ್ಬಹುದು. ತಂಗಿ ಅನ್ನೋ ತುಂಡು ತೆಗೆದು, ಚಿತ್ರ ಸೇರಿಸಿದ್ರೆ ಮುಗೀತು. ಒಂದ್ನಿಮಿಷ, ಬಾಸ್‌ಗೆ ಹೇಳ್ಬಿಡ್ತೀನಿ." ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು.

ಆ ಕಡೆಯ ಮನುಷ್ಯ ಹೋ ಎಂದು ನಕ್ಕ. "ಅದನ್ನ ಮುಟ್ಟೋಕೆ ಹೋಗ್ಬೇಡಮ್ಮ. ಅವಳು ಸಾಯದೆ ಇರೋದೇ ಮಜಾ. ಅದಕ್ಕೇ ತಾನೇ ಜನ ಈಗ್ಲೂ ಇದನ್ನ ಕೇಳ್ಕೊಂಡು ಬರೋದು? ಸಾಯದ ಪಕ್ಕದಮನೆಯವಳು ಅಂತ ಟೀಶರ್ಟ್ ಮೇಲೆಲ್ಲ ಅಚ್ಚು ಹಾಕ್ಸಿದೀವಿ. ಇದ್ದ ಹಾಗೇ ಬಿಡೋಣ."

"ಮತ್ತೆ ಚಿತ್ರ ಸಾರ್? ಟೀಚರ ಹೆಸರು?"

"ಆಟದಲ್ಲಿ ಇಲ್ದೇ ಇರೋ ಚಿತ್ರಕ್ಕೆ ಹೆಸರು ಹಾಕೋದು ಹೇಗೆ? ಪಾಪ, ಅವರಿಗೆ ಒಂದು ಟೀಶರ್ಟ್ ಕಳಿಸೋಣ. ಆಟ ಬರೆದವರು ಅಲ್ಲೇ ಇದಾರಾ? ಸಾರ್, ನಮಸ್ಕಾರ. ನಿಮ್ಮ ಆಟ ನಮಗೆಲ್ಲ ಬಹಳ ಇಷ್ಟ ಸಾರ್. ಒಂದಕ್ಷರವೂ ಬದಲಾಯಿಸದೆ ಇದ್ದ ಹಾಗೇ ತರ್ತೀವಿ. ನಿಮ್ಮ ಒಪ್ಪಿಗೆ ಇದೆ ತಾನೇ?"

ಟೀಚರು ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡರು. ಉತ್ತರ ಏನೆಂದು ಅವರಿಗೆ ಗೊತ್ತಿತ್ತು. ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ಉತ್ತರ. ಟೀಶರ್ಟಿನ ಅಳತೆ ಕೇಳಿದರೂ ಅದಕ್ಕೂ ಹೂಂ ಎನ್ನುತ್ತಾನೆ ಈ ಮಹರಾಯ. ಎರಡನೇ ಸಲ ಅದನ್ನು ಕಿವಿಯಾರೆ ಕೇಳುವುದು ಬೇಡವೆಂದು ಕಿಟಕಿಯ ಕಡೆ ತಿರುಗಿಕೊಂಡರು.

ಅಣ್ಣ ಫ್ಲಾಸ್ಕನ್ನು ಮೇಜಿನ ಮೇಲಿಟ್ಟ. ಕೆಮ್ಮಿದ.

"ಊಹೂಂ," ಎಂದ.

"ಏನಂದ್ರಿ ಸಾರ್? ಸರಿಯಾಗಿ ಕೇಳಿಸ್ಲಿಲ್ಲ."

"ಊಹೂಂ," ಎಂದ ಅಣ್ಣ ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ. ಅವನ ಕಿವಿಯೆಲ್ಲ ಕೆಂಪಾಗಿತ್ತು, ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. "ಅವಳು ಸಾಯ್ಬೇಕು. ಚಿತ್ರ ಬರ್ಬೇಕು. ಕೆಳಗೆ ನನ್ನ ತಂಗಿ ಹೆಸರು ಬರ್ಬೇಕು. ಇಲ್ಲಾಂದ್ರೆ ಒಪ್ಪಿಗೆ ಇಲ್ಲ."

ಆ ಕಡೆಯ ಮನುಷ್ಯ ಏನೇನೋ ಗೊಣಗಿ, ಟೀಶರ್ಟುಗಳ ಗತಿ ಏನು ಎಂದು ಕೇಳಿ, ಕೊನೆಗೆ ಆಯ್ತು ಬಿಡಿ ಎಂದು ಇಟ್ಟ. ಅಷ್ಟರವರೆಗೂ ಅಣ್ಣ ಮೇಜಿನ ಅಂಚು ಬಿಡಲಿಲ್ಲ.

ಟೀಚರಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಅಭ್ಯಾಸವಿದ್ದದ್ದನ್ನೇ ಮಾಡಿದರು. "ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ? ಆ ನೀರಿನ ಯಂತ್ರದವನ ಎದುರು ಒಂದ್ಸಲ ಅಂದಿದ್ರೆ ಅತ್ತಿಗೆಗಾದ್ರೂ ನೆಮ್ಮದಿ ಇರ್ತಿತ್ತು." ಮೂಗು ಒರೆಸಿಕೊಂಡರು. "ಹಾಕಿಸ್ತೀಯಾ ಹಾಗಾದ್ರೆ?"

ಕೇಳಿದ ಮೇಲೆ ಅವರಿಗೆ ಗಾಬರಿಯಾಯಿತು. ಮೂವತ್ತು ವರ್ಷದ ಹಿಂದೆ ಕೇಳಿದ್ದೂ ಇದನ್ನೇ. ಅಣ್ಣ ಬಾಯಿ ತೆರೆಯುತ್ತಿದ್ದ.

"ಹೂಂ ಅಂದ್ಯೋ, ನೋಡು," ಎಂದರು ಟೀಚರು.

ಅಣ್ಣ ಬಾಯಿ ಮುಚ್ಚಿದ. ಹುಡುಗಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. "ಬರ್ಕೋಮ್ಮ," ಎಂದ. "ಮೊದಲು ಬಾಯಿ. ಇಪ್ಪತ್ತೊಂದನೇ ಸಾಲು, ಹದಿಮೂರನೇ ಚೌಕ, ಕೆಂಪು. ಇಪ್ಪತ್ತೊಂದನೇ ಸಾಲು, ಇಪ್ಪತ್ಮೂರನೇ ಚೌಕ, ಕೆಂಪು. ಇಪ್ಪತ್ತೆರಡನೇ ಸಾಲು, ಹದಿನಾಲ್ಕು."

ಪುಸ್ತಕ ಇನ್ನೂ ಟೀಚರ ಎದೆಗೇ ಒತ್ತಿಕೊಂಡಿತ್ತು. ಅವರು ಅದನ್ನು ಮೆಲ್ಲಗೆ ತೆರೆದು, ಅವನು ಹೇಳಿದ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಎಣಿಸಿದರು. ಹನ್ನೊಂದೂ ಸರಿಯಾಗಿದ್ದವು.